ಗೋಧಿ ಬಿಡುವ ಮೊದಲು ಮಾಡಬೇಕಾದ ಖರ್ಚು

ಮಗಳ ಕಾಯಿಲೆಯ ಖರ್ಚು ಬರೆಯಲೆಂದೇ ಇಟ್ಟ ನೋಟ್‌ಬುಕ್ಕಿನ ಮೊದಲ ಹದಿನಾಲ್ಕು ತಿಂಗಳ ತುಂಬ ಟಾನಿಕ್ಕು, ಜಂತುಹುಳದ ಮಾತ್ರೆ, ಕಬ್ಬಿಣದ ಸಿರಪ್ಪುಗಳೇ ಇವೆ. ಒಟ್ಟು ₹38,000 ಚಿಲ್ಲರೆ. ಆಗ ಅವಳಿಗೆ ಎಂಟು ವರ್ಷ. ಹೊಟ್ಟೆ ಉಬ್ಬರ, ಆಗಾಗ ಭೇದಿ. ವರ್ಷ ಕಳೆದರೂ ಯೂನಿಫಾರ್ಮ್ ಗಿಡ್ಡವಾಗಲಿಲ್ಲ.

ಹಿಮೋಗ್ಲೋಬಿನ್ 8 ದಾಟದಿದ್ದಾಗ ಪರಿಚಯದವರೊಬ್ಬರು ಗೋಧಿ ಬಿಡಿಸಿ ನೋಡಿ ಎಂದರು. ಬಿಡಿಸಿದೆವು, ಹೊಟ್ಟೆ ತಹಬಂದಿಗೆ ಬಂತು. ಆ ಖುಷಿಯಲ್ಲಿ ತಜ್ಞರ ಬಳಿ ಹೋದರೆ, "ಟೆಸ್ಟ್ ಮಾಡಿಸೋಕೆ ಮುಂಚೆ ಯಾಕಮ್ಮ ಬಿಡಿಸಿದ್ರಿ?" ಎಂದು ಕೇಳಿದರು.

ಅವರ ಅನುಮಾನ ಸೀಲಿಯಾಕ್ ಕಾಯಿಲೆಯ ಮೇಲೆ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದಾಗ ದೇಹದ ರೋಗನಿರೋಧಕ ವ್ಯವಸ್ಥೆ ಸಣ್ಣ ಕರುಳಿನ ಒಳಪದರದ ಮೇಲೆಯೇ ತಿರುಗಿಬೀಳುತ್ತದೆ. ಪದರ ಸವೆದರೆ ಕಬ್ಬಿಣ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ನಮ್ಮ ಸಿರಪ್ಪುಗಳೆಲ್ಲ ವ್ಯರ್ಥವಾದದ್ದು ಹೀಗೆ. ಪತ್ತೆಗೆ ಮೊದಲು ರಕ್ತದಲ್ಲಿ ಟಿಟಿಜಿ ಪ್ರತಿಕಾಯದ ಪರೀಕ್ಷೆ, ಜೊತೆಗೆ ಐಜಿಎ ಎಂಬ ಪ್ರತಿಕಾಯದ ಒಟ್ಟು ಪ್ರಮಾಣ. ಐಜಿಎ ತೀರಾ ಕಡಿಮೆ ಇರುವವರಲ್ಲಿ ಕಾಯಿಲೆ ಇದ್ದರೂ ಟಿಟಿಜಿ ತೋರಿಸದೆ ಹೋಗಬಹುದು. ಆಮೇಲೆ ಎಂಡೋಸ್ಕೋಪಿ, ಬಯಾಪ್ಸಿ. ಗೋಧಿ ಬಿಟ್ಟವರಲ್ಲಿ ಪ್ರತಿಕಾಯ ಇಳಿಯುತ್ತ, ಕರುಳು ಮಾಯುತ್ತ ಬರುವುದರಿಂದ ಎರಡೂ ಪರೀಕ್ಷೆ ದಾರಿ ತಪ್ಪಿಸಬಹುದು. ಹೀಗಾಗಿ, ಚೇತರಿಸಿಕೊಂಡಿದ್ದ ಮಗುವಿಗೆ ನಾನೇ ಎಂಟು ವಾರ ಮತ್ತೆ ಚಪಾತಿ ತಿನ್ನಿಸಿದೆ. ಅವಳಿಗೆ ಶಾಲೆ ತಪ್ಪಿತು, ನನಗೆ ಹನ್ನೊಂದು ದಿನದ ಸಂಬಳ ಹೋಯಿತು. ರಕ್ತಪರೀಕ್ಷೆಗೆ ₹2,600, ಎಂಡೋಸ್ಕೋಪಿ, ಬಯಾಪ್ಸಿಗೆ ₹14,000. ಆಸ್ಪತ್ರೆಗೆ ದಾಖಲಾಗದೆ ಮಾಡಿಸಿದ ತಪಾಸಣೆಯೆಂದು ವಿಮೆಯಿಂದ ಏನೂ ಬರಲಿಲ್ಲ. ಆ ₹2,600 ಮೊದಲ ತಿಂಗಳೇ ಖರ್ಚಾಗಬೇಕಿತ್ತು ಎಂಬ ಸಂಕಟ ಇವತ್ತಿಗೂ ಇದೆ.

ಕಾಯಿಲೆ ಸೀಲಿಯಾಕ್ ಎಂದೇ ಖಚಿತವಾಯಿತು. ಇದಕ್ಕೆ ಮಾತ್ರೆಯಿಲ್ಲ, ಜೀವನಪೂರ್ತಿ ಗ್ಲುಟೆನ್ ಬಿಡುವುದೇ ಚಿಕಿತ್ಸೆ. ಹೆದರಿಕೆಯಲ್ಲಿ ಮೊದಲ ತಿಂಗಳು ಗ್ಲುಟೆನ್ ಇಲ್ಲದ ಬ್ರೆಡ್ಡು, ಬಿಸ್ಕತ್ತು, ಪಾಸ್ತಾ ಎಂದು ₹6,400 ಸುರಿದೆ. ಅತ್ತೆ ಬಿಲ್ಲು ನೋಡಿ, "ಮುದ್ದೆ ತಿನ್ನೋ ಮನೇಲಿ ಇದೆಲ್ಲ ಯಾಕಮ್ಮ?" ಎಂದರು. ಅವರ ಮಾತೇ ಸರಿ. ರಾಗಿ, ಜೋಳ, ಅಕ್ಕಿ, ನವಣೆ ಯಾವುದರಲ್ಲೂ ಗ್ಲುಟೆನ್ ಇಲ್ಲ.

ಆದರೂ ಆರು ತಿಂಗಳ ನಂತರ ಟಿಟಿಜಿ ಅಂದುಕೊಂಡಷ್ಟು ಇಳಿದಿರಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಎರಡು. ಒಂದು, ಸಾರಿನ ಒಗ್ಗರಣೆಯ ಇಂಗು. ನಮ್ಮ ಡಬ್ಬಿಯ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆತಿತ್ತು. ಇನ್ನೊಂದು, ಬೀದಿಯ ಗಿರಣಿ. ನಮಗಿಂತ ಮುಂಚೆ ಬಂದವರ ಗೋಧಿ ಆ ಕಲ್ಲಿಗೆ ಅಂಟಿಕೊಂಡೇ ಇರುತ್ತಿತ್ತು. ಗ್ಲುಟೆನ್ ಮುಕ್ತ ಎಂದು ಬರೆಯಬೇಕಾದರೆ ಕಿಲೋದಲ್ಲಿ 20 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ನಮ್ಮ ದೇಶದ ಆಹಾರ ನಿಯಮ. ಅಷ್ಟು ಸಣ್ಣ ಅಳತೆಯ ಮುಂದೆ ಗಿರಣಿಯ ಧೂಳೂ ದೊಡ್ಡದೇ. ಚೀಟಿ ಹಣ ಎತ್ತಿ ₹17,000ಕ್ಕೆ ಮನೆಗೇ ಗಿರಣಿ ತಂದೆವು. ನೋಟ್‌ಬುಕ್ಕಿನಲ್ಲಿ ಒಂದೇ ಸಲಕ್ಕೆ ಮಾಡಿದ ಅತಿ ದೊಡ್ಡ ಖರ್ಚು ಅದೇ, ಬೇಸರವಿಲ್ಲದ ಖರ್ಚೂ ಅದೇ.

ಖರ್ಚಿನ ಲೆಕ್ಕದಲ್ಲೇ ಇನ್ನೊಂದು ಮಾತು: ಹೊಸದಾಗಿ ವಿಮೆ ಮಾಡಿಸುವವರು ಕಾಯಿಲೆಯನ್ನು ಮುಚ್ಚಿಡಬೇಡಿ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 2024ರಿಂದ ಹೆಚ್ಚೆಂದರೆ 3 ವರ್ಷ.

ಒಡಹುಟ್ಟಿದವರಿಗೂ ಸೀಲಿಯಾಕ್ ಬರುವ ಸಂಭವ ಹೆಚ್ಚು. ಬರುವ ಶನಿವಾರ ಮಗನ ರಕ್ತ ಕೊಡುತ್ತೇವೆ. ಅಲ್ಲಿಯವರೆಗೆ ಅವನ ತಟ್ಟೆಗೆ ಚಪಾತಿ ಬಡಿಸುತ್ತಲೇ ಇದ್ದೇನೆ.