ಎರಡು ಪೆಟ್ಟಿಗೆ, ಒಂದೇ ಬಿಸಿಲು

ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರದಲ್ಲಿ ನಮ್ಮದು ಮೂವತ್ತು–ನಲವತ್ತರ ಸೈಟಿನ ಮನೆ. ತಾರಸಿಯ ಮೇಲೆ ನೀರಿನ ಟ್ಯಾಂಕು, ಸೋಲಾರ್ ಹೀಟರು, ಬಟ್ಟೆ ಒಣಹಾಕುವ ತಂತಿ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ನೆರಳು ಬೀಳದ ಜಾಗ ಎಂದರೆ ಎರಡು ಚಾಪೆ ಹಾಸುವಷ್ಟು. ಪ್ರತಿ ಬೇಸಿಗೆ ಅತ್ತೆ ಸಂಡಿಗೆ ಇಡುತ್ತಿದ್ದದ್ದು ಅಲ್ಲೇ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದ ಮೇಲೆ ಅದರಲ್ಲಿ ಅರ್ಧ ಜಾಗ ನನಗೆ ಬೇಕೆಂದು ಕೇಳಿದೆ.

“ಬಿಸಿಲಲ್ಲಿ ಸಂಡಿಗೆ ಒಣಗೋದು ಗೊತ್ತು ಕಣೇ, ಅನ್ನ ಬೇಯುತ್ತೇನೇ?” ಎಂದರು ಅತ್ತೆ.

ಬೆಂದಿತು. ಒಂದರೊಳಗೊಂದು ಎರಡು ರಟ್ಟಿನ ಪೆಟ್ಟಿಗೆ, ನಡುವೆ ಮುದುಡಿದ ದಿನಪತ್ರಿಕೆ, ತಳಕ್ಕೆ ಕಪ್ಪು ಬಳಿದ ತಗಡು, ಮೇಲೊಂದು ಗಾಜು, ಮುಚ್ಚಳಕ್ಕೆ ಒಳಗಡೆ ಪ್ರತಿಫಲಕವಾಗಿ ಅಂಟಿಸಿದ ಅಲ್ಯೂಮಿನಿಯಂ ಹಾಳೆ. ಫೆಬ್ರವರಿಯ ಒಂದು ಮಧ್ಯಾಹ್ನ ಎರಡು ಗಂಟೆಯೊಳಗೆ ಒಂದು ಪಾವು ಅಕ್ಕಿ ಹದವಾಗಿ ಅನ್ನವಾಯಿತು. ಮರುವಾರ ಅದೇ ಪೆಟ್ಟಿಗೆ, ಅದೇ ಅಕ್ಕಿ, ಮೂರು ಗಂಟೆ ಕಳೆದರೂ ಅಗುಳಿನ ನಡುವೆ ಗಟ್ಟಿ. ಆಕಾಶ ಎರಡು ದಿನವೂ ನನ್ನ ಕಣ್ಣಿಗೆ ಒಂದೇ ತರಹ ನೀಲಿಯಾಗಿತ್ತು. ಪೆಟ್ಟಿಗೆ ಕೆಟ್ಟಿತೋ, ಬಿಸಿಲು ಸೊರಗಿತೋ, ಗಾಳಿ ಜಾಸ್ತಿಯಾಗಿತ್ತೋ ಹೇಳಲು ನನ್ನ ಬಳಿ ಒಂದೇ ಒಂದು ಅಂಕಿ ಇರಲಿಲ್ಲ. ಅನ್ನ ಬೆಂದದ್ದು ಸಂತೋಷ ಕೊಟ್ಟಿತ್ತು, ತಿಳಿವಳಿಕೆ ಕೊಟ್ಟಿರಲಿಲ್ಲ.

ಎಸ್.ಪಿ. ರಸ್ತೆಗೆ ಹೋಗಿ ಉದ್ದ ತಂತಿಯ ಡಿಜಿಟಲ್ ಥರ್ಮಾಮೀಟರ್ ಎರಡು ತಂದೆ. ಎರಡು ಏಕೆಂದರೆ, ಅಷ್ಟು ಹೊತ್ತಿಗೆ ಒಂದು ಮಾತು ಹೊಳೆದಿತ್ತು. ಇವತ್ತಿನ ಬಿಸಿಲನ್ನು ನಿನ್ನೆಯ ಬಿಸಿಲಿನ ಪಕ್ಕ ಇಟ್ಟು ನೋಡಲಾಗದು. ಆದರೆ ಎರಡು ಪೆಟ್ಟಿಗೆಗಳನ್ನು ಒಂದೇ ಬಿಸಿಲಿನಲ್ಲಿ ಅಕ್ಕಪಕ್ಕ ಇಡಬಹುದು. ಮೋಡ ಬಂದರೆ ಎರಡಕ್ಕೂ ಬರುತ್ತದೆ, ಗಾಳಿ ಬೀಸಿದರೆ ಎರಡಕ್ಕೂ ಬೀಸುತ್ತದೆ. ಒಂದನ್ನು ಹಾಗೆಯೇ ಬಿಟ್ಟು ಇನ್ನೊಂದರಲ್ಲಿ ಒಂದೇ ಒಂದು ಬದಲಾವಣೆ ಮಾಡಿದರೆ, ಆ ಬದಲಾವಣೆಯ ಬೆಲೆ ಅದೇ ದಿನ ತಿಳಿಯುತ್ತದೆ.

ಅಳತೆಗೆ ಅಕ್ಕಿಯ ಬದಲು ನೀರು ಇಡತೊಡಗಿದೆ. ಎಷ್ಟು ನೀರು ಇಡಬೇಕೆಂಬುದಕ್ಕೆ ಆಧಾರವೂ ಸಿಕ್ಕಿತು. 1997ರ ಜನವರಿಯಲ್ಲಿ ಕೊಯಮತ್ತೂರಿನಲ್ಲಿ ನಡೆದ ಸೌರ ಅಡುಗೆಯ ವಿಶ್ವ ಸಮ್ಮೇಳನದಲ್ಲಿ ಬೇರೆ ಬೇರೆ ದೇಶದವರು ಕೂತು ಪರೀಕ್ಷೆಯ ಒಂದು ಸಮಾನ ಕ್ರಮಕ್ಕೆ ಅಡಿಪಾಯ ಹಾಕಿದರು. ಬಿಸಿಲು ಹಿಡಿಯುವ ಪ್ರತಿ ಚದರ ಮೀಟರಿಗೆ ಏಳು ಕಿಲೊ ನೀರು. ಹತ್ತು ಹತ್ತು ನಿಮಿಷಕ್ಕೆ ತಾಪಮಾನದ ಏರಿಕೆ ಬರೆದುಕೊಳ್ಳುವುದು. ಚದರ ಮೀಟರಿಗೆ 700 ವಾಟ್ ಬಿಸಿಲಿನ ಲೆಕ್ಕಕ್ಕೆ ಅದನ್ನು ಹೊಂದಿಸುವುದು. ನನ್ನ ಪೆಟ್ಟಿಗೆಯ ಬಾಯಿ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲ. ಅಂದರೆ ಒಂದೂ ಮುಕ್ಕಾಲು ಲೀಟರ್ ನೀರು. ಹತ್ತು ನಿಮಿಷದಲ್ಲಿ ಅದು ಮೂರು ಡಿಗ್ರಿ ಏರಿದರೆ ಪೆಟ್ಟಿಗೆಯ ಸಾಮರ್ಥ್ಯ ಸುಮಾರು 37 ವಾಟ್. ಹಳೆಯ ನಲವತ್ತರ ಬಲ್ಬಿಗಿಂತ ಕಡಿಮೆ! ಈ ಲೆಕ್ಕ ಮಾಡಿದ ದಿನ, ಗಾಜನ್ನು ಸುಮ್ಮನೆ ಎತ್ತಿ ಇಣುಕುವ ಅಭ್ಯಾಸ ಬಿಟ್ಟೆ. ಅಷ್ಟು ಸಣ್ಣ ಆದಾಯದಲ್ಲಿ ಪ್ರತಿ ಸೋರಿಕೆಯೂ ದೊಡ್ಡ ಖರ್ಚು.

ನೀರು ಕುದಿಯುವವರೆಗೆ ಕಾಯಬಾರದು ಎಂಬುದನ್ನೂ ಕಲಿತೆ. ಕೊನೆಯ ಕೆಲವು ಡಿಗ್ರಿ ಬಹಳ ನಿಧಾನ, ಅಲ್ಲಿ ಸಮಯದ ಲೆಕ್ಕ ದಾರಿ ತಪ್ಪಿಸುತ್ತದೆ. ನನ್ನ ಎರಡೂ ಥರ್ಮಾಮೀಟರು 97ರ ಆಸುಪಾಸಿನಲ್ಲಿ ನಿಂತಾಗ ಅವು ಕೆಟ್ಟವೆಂದೇ ಅಂದುಕೊಂಡಿದ್ದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ.

ಮೊದಲು ಎರಡನೆಯ ಗಾಜು ಹಾಕಿ ನೋಡಿದೆ, ಎರಡು ಗಾಜಿನ ನಡುವೆ ಬೆರಳಗಲ ಜಾಗ ಬಿಟ್ಟು. ಅರವತ್ತು ಡಿಗ್ರಿಯವರೆಗೆ ಎರಡೂ ಪೆಟ್ಟಿಗೆ ಜೊತೆಜೊತೆಗೇ ನಡೆದವು. ಆಮೇಲೆ ಒಂಟಿ ಗಾಜಿನದು ಎಂಬತ್ತೈದರ ಹತ್ತಿರ ತಿಣುಕುತ್ತಿದ್ದಾಗ ಜೋಡಿ ಗಾಜಿನದು ಕುದಿಯಿತು. ಗೋಡೆಯ ಕಾಗದವನ್ನು ಎರಡು ಪಟ್ಟು ದಪ್ಪ ಮಾಡಿದಾಗ ಮಾತ್ರ ನಾನು ನಿರೀಕ್ಷಿಸಿದ ಲಾಭ ಬರಲಿಲ್ಲ. ಏಕೆಂದು ನೋಡಲು ಊದುಬತ್ತಿ ಹಚ್ಚಿ ಗಾಜಿನ ಅಂಚಿನ ಸುತ್ತ ಹಿಡಿದಾಗ ಹೊಗೆ ಓಲಾಡಿದ ಕಡೆಯಲ್ಲೆಲ್ಲ ಗಾಳಿ ಸೋರುತ್ತಿತ್ತು. ಹಳೆಯ ಸೀರೆಯ ಅಂಚನ್ನು ಮಡಿಸಿ ಅಂಟಿಸಿದ ಮೇಲೆ ಸಿಕ್ಕಿದ್ದು, ಅಷ್ಟು ಕಾಗದ ತುರುಕಿದ್ದಕ್ಕಿಂತ ಹೆಚ್ಚು. ರಸ್ತೆ ಅಗೆಯುತ್ತಿದ್ದ ದಿನಗಳಲ್ಲಿ ಗಾಜು ಒರೆಸಿದ್ದಕ್ಕೂ ಅಂಕಿಯಲ್ಲಿ ಫಲ ಕಂಡಿತು.

ಥರ್ಮೋಕೋಲ್ ಬಳಸಿದ್ದು ದೊಡ್ಡ ತಪ್ಪು. ಹಗುರ, ಅಗ್ಗ ಎಂದು ಅದರಲ್ಲೊಂದು ಪೆಟ್ಟಿಗೆ ಮಾಡಿದ್ದೆ. ತೊಂಬತ್ತು ದಾಟುವ ಹೊತ್ತಿಗೆ ಒಳಗೋಡೆ ಕುಗ್ಗಿ ವಾಸನೆ ಬಂತು. ಅಂದಿನ ಅನ್ನವನ್ನು ಯಾರಿಗೂ ಬಡಿಸಲಿಲ್ಲ. ಈಗ ಭತ್ತದ ಹೊಟ್ಟು ತುಂಬುತ್ತೇನೆ. ತಗಡಿಗೆ ಬಳಿದ ಕಪ್ಪು ಬಣ್ಣವನ್ನೂ ಖಾಲಿ ಪೆಟ್ಟಿಗೆಯಲ್ಲಿ ನಾಲ್ಕೈದು ದಿನ ಬಿಸಿಲಿಗೆ ಕಾಯಿಸಿ, ವಾಸನೆ ಪೂರ್ತಿ ಹೋದ ಮೇಲೆಯೇ ಒಳಗೆ ಪಾತ್ರೆ ಇಡುವುದು.

ಖಾಲಿ ಪೆಟ್ಟಿಗೆಯ ಪರೀಕ್ಷೆಗೂ ಒಂದು ಕ್ರಮವಿದೆ. 1987ರಲ್ಲಿ ಮುಲ್ಲಿಕ್, ಕಾಂಡ್‌ಪಾಲ್, ಸಕ್ಸೇನಾ ಪ್ರಕಟಿಸಿದ ವಿಧಾನ ನಮ್ಮ ದೇಶದ ಮಾನಕ ಐಎಸ್ 13429ರಲ್ಲಿಯೂ ಸೇರಿದೆ. ತಗಡು ಮುಟ್ಟಿದ ಗರಿಷ್ಠ ತಾಪಮಾನದಿಂದ ಹೊರಗಿನ ತಾಪಮಾನ ಕಳೆದು ಬಿಸಿಲಿನ ತೀವ್ರತೆಯಿಂದ ಭಾಗಿಸಿದರೆ ಒಳ್ಳೆಯ ಪೆಟ್ಟಿಗೆಗೆ 0.12 ಬರಬೇಕು. ಹೊರಗೆ 28 ಡಿಗ್ರಿ, ಬಿಸಿಲು ಚದರ ಮೀಟರಿಗೆ 800 ವಾಟ್ ಇದ್ದರೆ ತಗಡು 124 ಮುಟ್ಟಬೇಕು ಎಂದಾಯಿತು. ಈ ಪರೀಕ್ಷೆಯಲ್ಲಿ ಪ್ರತಿಫಲಕವನ್ನು ಬಳಸುವಂತಿಲ್ಲ. ಬಿಸಿಲಿನ ತೀವ್ರತೆ ಅಳೆಯುವ ಉಪಕರಣ ದುಬಾರಿ, ನನ್ನಲ್ಲಿಲ್ಲ. ಹಾಗಾಗಿ ನನ್ನ ಪೆಟ್ಟಿಗೆಗೆ ಆ ಅಂಕ ಕೊಟ್ಟುಕೊಳ್ಳುವ ಹಕ್ಕು ನನಗಿಲ್ಲ. ಪಕ್ಕದ ಪೆಟ್ಟಿಗೆಗಿಂತ ಇದು ಉತ್ತಮ ಎಂದಷ್ಟೇ ಹೇಳಬಲ್ಲೆ.

ಪಾತ್ರೆಯ ಒಳಗಿನದೂ ಲೆಕ್ಕಕ್ಕೆ ಬರುತ್ತದೆಂದು ಕಲಿಸಿದ್ದು ತೊಗರಿಬೇಳೆ. ಎರಡೂ ಪೆಟ್ಟಿಗೆ ತೊಂಬತ್ತು ದಾಟಿದ್ದರೂ ಬೇಳೆ ಮಿದುವಾಗಲಿಲ್ಲ. ಪೆಟ್ಟಿಗೆಯನ್ನೇ ಬಯ್ಯುತ್ತ ಕೆಳಗೆ ಬಂದೆ. ಅತ್ತೆ ಕೇಳಿದ್ದು ಒಂದೇ ಮಾತು: “ಯಾವ ನೀರು ಹಾಕಿದೆ?” ತಾರಸಿಯ ಟ್ಯಾಂಕಿನದು, ಬೋರ್‌ವೆಲ್ಲಿನದು. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಮರುದಿನ ಒಂದು ಪೆಟ್ಟಿಗೆಯಲ್ಲಿ ಬೋರ್ ನೀರು, ಇನ್ನೊಂದರಲ್ಲಿ ಕಾವೇರಿ ನೀರು, ಎರಡರಲ್ಲೂ ಒಂದು ಗಂಟೆ ನೆನೆಸಿದ ಬೇಳೆ. ಕಾವೇರಿ ನೀರಿನದು ಸೌಟಿಗೇ ನುರಿದುಹೋಯಿತು. ಅತ್ತೆಯ ಅಡುಗೆಮನೆಯ ಐವತ್ತು ವರ್ಷದ ಅರಿವಿಗೆ ನಾನು ಪುರಾವೆ ಒದಗಿಸಿದೆ, ಅಷ್ಟೆ.

ಋತುವೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್ 24ರಂದು ಮಧ್ಯಾಹ್ನ 12.17ರ ಹೊತ್ತಿಗೆ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲಿರುತ್ತಾನೆ, ನೆಟ್ಟ ಕೋಲಿಗೆ ನೆರಳಿರುವುದಿಲ್ಲ. ಡಿಸೆಂಬರಿನಲ್ಲಿ ಅದೇ ಸೂರ್ಯ ದಕ್ಷಿಣಕ್ಕೆ ವಾಲಿ, ನಡುಹಗಲಿನಲ್ಲೂ ಸುಮಾರು 54 ಡಿಗ್ರಿ ಮೇಲಕ್ಕೆ ಏರುವುದಿಲ್ಲ. ಪ್ರತಿಫಲಕವನ್ನು ಒಂದೇ ಕೋನದಲ್ಲಿ ಮೊಳೆ ಹೊಡೆದು ನಿಲ್ಲಿಸಿದ್ದ ನನ್ನ ಮೊದಲ ಪೆಟ್ಟಿಗೆ ಚಳಿಗಾಲದಲ್ಲಿ ಸೋತದ್ದು ಇದರಿಂದಲೇ. ಈಗ ಅದಕ್ಕೆ ಕೀಲು ಹಾಕಿ, ಹಿಂದೆ ತೂತುಗಳಿರುವ ಪಟ್ಟಿಯೊಂದನ್ನು ಆನಿಸಿದ್ದೇನೆ. ಪ್ರತಿಫಲಕದ ಬೆಳಕನ್ನು ಬರಿಗಣ್ಣಿನಿಂದ ದಿಟ್ಟಿಸಬಾರದು. ಮಕ್ಕಳು ಮೇಲೆ ಬಂದಾಗ ಮೊದಲು ಇದನ್ನೇ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ದಿನಗಳೇ ಹೆಚ್ಚು, ಆಗ ನಮ್ಮ ಮನೆಯಲ್ಲೂ ಗ್ಯಾಸೇ ಗತಿ.

ಈ ಬೇಸಿಗೆಯಲ್ಲಿ ನೀವೂ ಮಾಡುವುದಾದರೆ ದಯವಿಟ್ಟು ಎರಡು ಪೆಟ್ಟಿಗೆ ಮಾಡಿ. ಮೊದಲನೆಯದನ್ನು ಮುಟ್ಟದೆ ಹಾಗೆಯೇ ಇಟ್ಟುಕೊಳ್ಳಿ, ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಗಂಟೆ, ಡಿಗ್ರಿ ಬರೆಯಿರಿ. ಬೇಳೆಗೆ ಕಾವೇರಿ ನೀರನ್ನೇ ಹಾಕಿ.