ಚದುರಿದ ಆಫ್ರಿಕ ಮತ್ತು ಗುಳೆಯ ನಾಡು: ಸ್ವತಂತ್ರ ಚಲನಚಿತ್ರಗಳ ಅಧ್ಯಯನಕ್ಕೊಂದು ಕನ್ನಡ ನೆಲೆ

1

ಡಯಾಸ್ಪೊರಾ ಎಂಬ ಪರಿಕಲ್ಪನೆಯನ್ನು ಕನ್ನಡ ವಿಮರ್ಶೆಯು ಬಹುಮಟ್ಟಿಗೆ ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿದ ವಿದ್ಯಾವಂತ ಕನ್ನಡಿಗರ ಬರವಣಿಗೆಯನ್ನು ಚರ್ಚಿಸುವಾಗ ಬಳಸಿಕೊಂಡು ಬಂದಿದೆ. ಈ ಬಳಕೆಯಲ್ಲಿ ವಲಸೆಯು ವ್ಯಕ್ತಿಯ ಆಯ್ಕೆಯಾಗಿಯೂ ತಾಯ್ನಾಡಿನ ಹಂಬಲವು ಅದರ ಸ್ಥಾಯಿಭಾವವಾಗಿಯೂ ಕಾಣಿಸಿಕೊಳ್ಳುತ್ತವೆ. ಆದರೆ ಆಯ್ಕೆಯೆಂಬುದೇ ಇಲ್ಲದೆ, ಗುಲಾಮರಾಗಿ ಕಡಲು ದಾಟಿದ ಆಫ್ರಿಕದ ಜನರ ಚರಿತ್ರೆಯನ್ನು ಮುಂದಿಟ್ಟುಕೊಂಡಾಗ ಈ ಅರ್ಥ ಸಾಲದಾಗುತ್ತದೆ. ಅಲ್ಲಿ ಊರು, ಹೆಸರು, ನುಡಿ, ದೈವ ಎಲ್ಲವೂ ಕಸಿದುಹೋದ ಮೇಲೆ ನೆನಪನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕೆಲಸಕ್ಕೆ ಒದಗಿಬಂದ ಮುಖ್ಯ ಮಾಧ್ಯಮಗಳಲ್ಲಿ ಸ್ವತಂತ್ರ ಚಲನಚಿತ್ರವೂ ಒಂದು.

ಇಂತಹ ಚಿತ್ರಗಳಿಗೆ ನೆಲೆ ಒದಗಿಸಿದ ಉತ್ಸವಗಳಲ್ಲಿ 1993ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಆಫ್ರಿಕನ್ ಡಯಾಸ್ಪೊರಾ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಗಮನಾರ್ಹವಾದುದು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜು ಅದರ ಪ್ರದರ್ಶನ ತಾಣಗಳಲ್ಲೊಂದು. ಶಿಕ್ಷಕರನ್ನು ರೂಪಿಸುವ ಸಂಸ್ಥೆಯೊಂದು ಈ ಚಿತ್ರಗಳಿಗೆ ಬಾಗಿಲು ತೆರೆದಿರುವುದು ಅರ್ಥಪೂರ್ಣವಾಗಿದೆ. ಇದೇ ಚಿತ್ರಗಳು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳ ಪದವಿ ಕಾಲೇಜುಗಳ ಸಭಾಂಗಣಗಳಿಗೆ ಬಂದರೆ ಅವನ್ನು ಯಾವ ನೆಲೆಯಿಂದ ನೋಡಬೇಕು? ದೂರದೇಶದ ಕೌತುಕವಾಗಿಯೇ, ಇಲ್ಲವೆ ಈ ನೆಲದ ಚರಿತ್ರೆಯ ಒಂದು ಭಾಗವಾಗಿಯೇ? ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಆಫ್ರಿಕನ್ ಡಯಾಸ್ಪೊರಾದ ಸ್ವತಂತ್ರ ಚಿತ್ರಗಳಿಗೂ ವಿಶ್ವವಿದ್ಯಾಲಯಕ್ಕೂ ಇರುವ ಸಂಬಂಧ ಕೇವಲ ಪ್ರದರ್ಶನಕ್ಕೆ ಸೀಮಿತವಾದುದಲ್ಲ. ಲಾಸ್ ಏಂಜಲೀಸ್ ನಗರದ ವಾಟ್ಸ್ ಪ್ರದೇಶದಲ್ಲಿ 1965ರಲ್ಲಿ ನಡೆದ ದಂಗೆಯ ತರುವಾಯ ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಲನಚಿತ್ರ ವಿಭಾಗವು ಕಪ್ಪು ಜನರೂ ಸೇರಿದಂತೆ ಅಲ್ಪಸಂಖ್ಯಾತ ಸಮುದಾಯಗಳ ವಿದ್ಯಾರ್ಥಿಗಳಿಗೆ ಪ್ರವೇಶಾವಕಾಶ ಕಲ್ಪಿಸಿತು. ಹಾಗೆ ಬಂದ ಚಾರ್ಲ್ಸ್ ಬರ್ನೆಟ್, ಹೈಲೆ ಗೆರಿಮಾ, ಜೂಲಿ ಡ್ಯಾಶ್, ಬಿಲ್ಲಿ ವುಡ್‌ಬೆರಿ ಮೊದಲಾದವರು ಹಾಲಿವುಡ್ ತಮ್ಮ ಜನರನ್ನು ಚಿತ್ರಿಸುತ್ತಿದ್ದ ರೀತಿಯನ್ನು ನಿರಾಕರಿಸಿ ಬೇರೆಯದೇ ಆದ ಚಿತ್ರಭಾಷೆಯನ್ನು ಹುಡುಕಿದರು. ವಿಮರ್ಶಕ ಕ್ಲೈಡ್ ಟೇಲರ್ 1986ರಲ್ಲಿ ಈ ಗುಂಪಿಗೆ 'ಎಲ್.ಎ. ರೆಬೆಲಿಯನ್' ಎಂದು ಹೆಸರಿಟ್ಟನು. ನೋಡಿಸಿಕೊಳ್ಳುತ್ತಿದ್ದ ಸಮುದಾಯವು ತಾನೇ ನೋಡುವ ಸ್ಥಾನಕ್ಕೆ ಬಂದುದು ಈ ಚಳವಳಿಯ ತಿರುಳು.

ಈ ಗುಂಪಿನ ಮೂರು ಚಿತ್ರಗಳನ್ನು ಇಲ್ಲಿ ಉದಾಹರಿಸಬಹುದು. ಬರ್ನೆಟ್‌ನ 'ಕಿಲ್ಲರ್ ಆಫ್ ಶೀಪ್' (1978) ಆತನ ಸ್ನಾತಕೋತ್ತರ ಪದವಿಯ ಪ್ರಬಂಧವಾಗಿ ಸಿದ್ಧವಾದುದು. ಹತ್ತು ಸಾವಿರ ಡಾಲರಿಗೂ ಕಡಿಮೆ ವೆಚ್ಚದಲ್ಲಿ, ವಾರಾಂತ್ಯಗಳಲ್ಲಿ, ಬಹುತೇಕ ವೃತ್ತಿಪರರಲ್ಲದ ಸ್ಥಳೀಯ ಜನರನ್ನೇ ಬಳಸಿಕೊಂಡು ತೆಗೆದ ಈ ಚಿತ್ರದಲ್ಲಿ ಕಸಾಯಿಖಾನೆಯ ಕೂಲಿಗಾರನೊಬ್ಬನ ದಣಿವೇ ಕಥಾವಸ್ತು. ಸಂಗೀತದ ಹಕ್ಕುಗಳ ತೊಡಕಿನಿಂದಾಗಿ ಅದು ಚಿತ್ರಮಂದಿರಗಳಲ್ಲಿ ವ್ಯವಸ್ಥಿತವಾಗಿ ಬಿಡುಗಡೆಯಾದುದು 2007ರಲ್ಲಿ. ಜೂಲಿ ಡ್ಯಾಶ್‌ಳ 'ಡಾಟರ್ಸ್ ಆಫ್ ದ ಡಸ್ಟ್' (1991) 1902ರ ಕಾಲದ ಕಡಲ ದ್ವೀಪವೊಂದರಲ್ಲಿ ನಡೆಯುತ್ತದೆ. ಉತ್ತರದ ನಗರಗಳತ್ತ ಹೊರಟುನಿಂತ ಕುಟುಂಬ ಮತ್ತು ಹಿರಿಯರ ಮಣ್ಣು ಬಿಟ್ಟು ಬರಲೊಲ್ಲದ ಮುದುಕಿಯ ನಡುವಿನ ತಾಕಲಾಟ ಅದರ ಕೇಂದ್ರ. ಇಥಿಯೋಪಿಯದ ಗೊಂಡಾರದಲ್ಲಿ ಹುಟ್ಟಿದ ಗೆರಿಮಾನ 'ಸಂಕೋಫಾ' (1993) ಇಂದಿನ ಕಪ್ಪು ರೂಪದರ್ಶಿಯೊಬ್ಬಳನ್ನು ಘಾನಾದ ಗುಲಾಮಕೋಟೆಯ ಮೂಲಕ ತೋಟದ ಗುಲಾಮಗಿರಿಗೆ ಕೊಂಡೊಯ್ಯುತ್ತದೆ. ಹಿಂದಿರುಗಿ ಹೋಗಿ ಮರೆತುದನ್ನು ತರುವುದು ಎಂಬುದು ಆ ಅಕಾನ್ ಪದದ ಅರ್ಥ. ವಿತರಕರು ಮುಂದೆ ಬಾರದಿದ್ದಾಗ ಗೆರಿಮಾ ತಾನೇ ಚಿತ್ರಮಂದಿರಗಳನ್ನು ಬಾಡಿಗೆಗೆ ಹಿಡಿದು, ಸಮುದಾಯದ ಬೆಂಬಲದಿಂದ ಊರಿಂದೂರಿಗೆ ಚಿತ್ರವನ್ನು ಒಯ್ದನು. ಸ್ವತಂತ್ರ ಚಿತ್ರದ ಸ್ವಾತಂತ್ರ್ಯ ತಯಾರಿಕೆಯಲ್ಲಿ ಮಾತ್ರವಲ್ಲದೆ ಪ್ರದರ್ಶನದಲ್ಲಿಯೂ ಇದೆ ಎಂಬುದಕ್ಕೆ ಇದು ನಿದರ್ಶನ.

3

ಇಥಿಯೋಪಿಯದ ಹೆಸರು ಬಾಗಲಕೋಟೆ ಪರಿಸರಕ್ಕೆ ಅಪರಿಚಿತವೇನಲ್ಲ. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಭಾಗ ವಿಜಾಪುರ ಜಿಲ್ಲೆಗೆ ಸೇರಿತ್ತು. 1565ರ ತಾಳಿಕೋಟೆ ಯುದ್ಧದ ತರುವಾಯ ಬಾದಾಮಿ, ಬಾಗಲಕೋಟೆ ಪ್ರದೇಶಗಳು ಆದಿಲಶಾಹಿಗಳ ಆಳ್ವಿಕೆಗೆ ಒಳಪಟ್ಟವು. ಆ ಆಸ್ಥಾನದಲ್ಲಿ ಹಬಶಿಗಳೆಂದು ಕರೆಯಿಸಿಕೊಂಡ ಆಫ್ರಿಕ ಮೂಲದವರು ಸೇನಾನಿಗಳೂ ಮಂತ್ರಿಗಳೂ ಆಗಿದ್ದರು. ಎರಡನೆಯ ಇಬ್ರಾಹಿಂ ಆದಿಲಶಾಹನು ಎಳೆಯನಾಗಿದ್ದಾಗ ದಿಲಾವರ್ ಖಾನ್ ಹಬಶಿ ಆಡಳಿತದ ಸೂತ್ರ ಹಿಡಿದಿದ್ದನು. ಮಹಮ್ಮದ್ ಆದಿಲಶಾಹನ (1627-1656) ಕಾಲದಲ್ಲಿ ಇಖ್ಲಾಸ್ ಖಾನನು ಅತ್ಯಂತ ಪ್ರಭಾವಿ ಮಂತ್ರಿಯಾಗಿದ್ದನು. ವಿಜಾಪುರದ ವರ್ಣಚಿತ್ರಗಳಲ್ಲಿ ಅವನ ಕಪ್ಪು ಮುಖ ಸುಲ್ತಾನನ ಪಕ್ಕದಲ್ಲಿಯೇ ಕಾಣುತ್ತದೆ. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹಮದನಗರದ ಆಡಳಿತ ಹಿಡಿದ ಮಲಿಕ್ ಅಂಬರನು 1624ರಲ್ಲಿ ಭಾತವಡಿಯಲ್ಲಿ ಮೊಗಲ ಮತ್ತು ವಿಜಾಪುರದ ಕೂಡುಸೇನೆಯನ್ನು ಸೋಲಿಸಿದನು. ಆ ಬಳಿಕ ಇಬ್ರಾಹಿಮನು ಕಟ್ಟಿಸುತ್ತಿದ್ದ ನವರಸಪುರವೂ ಅವನ ದಾಳಿಗೆ ತುತ್ತಾಯಿತು.

ಇದು ಅರಮನೆಯ ಚರಿತ್ರೆ. ಕಾಡಿನ ಚರಿತ್ರೆ ಬೇರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ಹಾಗೂ ಬೆಳಗಾವಿ, ಧಾರವಾಡ ಜಿಲ್ಲೆಗಳ ಅಂಚಿನಲ್ಲಿ ವಾಸಿಸುವ ಸಿದ್ದಿಗಳು ಬಹುಪಾಲು ಪೋರ್ಚುಗೀಸರು ಗೋವೆಗೆ ತಂದ ಆಫ್ರಿಕನ್ ಗುಲಾಮರ ಸಂತತಿಯವರು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಹಿಂದೂ, ಮುಸ್ಲಿಂ, ಕ್ರೈಸ್ತ ಧರ್ಮಗಳಲ್ಲಿ ಹಂಚಿಹೋಗಿರುವ ಈ ಸಮುದಾಯಕ್ಕೆ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತುದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೆ ಅದು ವಿಸ್ತರಣೆಯಾಗಲು 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಆ ಸದನ ಪ್ರವೇಶಿಸಿದ ಮೊದಲ ಸಿದ್ದಿಯಾದರು. ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರವು 2013ರಲ್ಲಿ ಭಾರತದ ಆಫ್ರಿಕನ್ನರನ್ನು ಕುರಿತು ಏರ್ಪಡಿಸಿದ ಪ್ರದರ್ಶನವು ಗುಲಾಮರಿಂದ ದಳಪತಿ, ದೊರೆಗಳವರೆಗಿನ ಏರಿಕೆಯನ್ನು ತನ್ನ ಹೆಸರಿನಲ್ಲಿಯೇ ಸಾರಿತು. ದಳಪತಿಗಳಿಗೆ ವರ್ಣಚಿತ್ರಗಳಿವೆ, ಕಾಡು ಸೇರಿದವರಿಗೆ ಅಂತಹ ದಾಖಲೆಗಳಿಲ್ಲ. ಅವರ ಚರಿತ್ರೆ ಡಮಾಮ್ ವಾದ್ಯದ ಲಯದಲ್ಲಿ, ಹಾಡು ಕುಣಿತಗಳಲ್ಲಿ, ಹಳೆಯ ಬಟ್ಟೆಯ ತುಂಡುಗಳಿಂದ ಹೆಂಗಸರು ಹೊಲಿಯುವ ಕೌದಿಗಳಲ್ಲಿ ಉಳಿದಿದೆ. ಚಲನಚಿತ್ರದ ಅಗತ್ಯ ಉಂಟಾಗುವುದು ಇಲ್ಲಿಯೇ.

4

ಆಫ್ರಿಕದ ಕಥನವನ್ನು ಸಿದ್ದಿಗಳ ಎದುರಿಗೆ ತಂದ ಕನ್ನಡದ ಪ್ರಮುಖ ಪ್ರಯತ್ನ ರಂಗಭೂಮಿಯಲ್ಲಿ ನಡೆಯಿತು. ನೀನಾಸಮ್ ಸಂಸ್ಥೆಯು 1980ರ ದಶಕದಲ್ಲಿ ಚಿನುವಾ ಅಚೀಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' (1958) ಕಾದಂಬರಿಯನ್ನು ಆಧರಿಸಿ 'ಕಪ್ಪು ಜನ ಕೆಂಪು ನೆರಳು' ಎಂಬ ನಾಟಕವನ್ನು ಮಂಚಿಕೇರಿಯ ಸಿದ್ದಿ ಸಮುದಾಯದ ನಟರಿಂದಲೇ ಆಡಿಸಿತು. ಚಿದಂಬರರಾವ್ ಜಂಬೆ ಅದರ ನಿರ್ದೇಶಕರು. ನೈಜೀರಿಯದ ಕಥೆಯನ್ನು, ಆಫ್ರಿಕದ ಪೂರ್ವಜರನ್ನುಳ್ಳವರು, ಕನ್ನಡದಲ್ಲಿ ಆಡಿದ ಈ ಪ್ರಯೋಗ ಡಯಾಸ್ಪೊರಾ ಅಧ್ಯಯನದ ದೃಷ್ಟಿಯಿಂದ ಅಪೂರ್ವವಾದುದು. ಸಿದ್ದಿ ಸಮುದಾಯದಿಂದ ಬಂದ ಕಲಾವಿದರು ಮುಂದೆ ನೀನಾಸಮ್‌ನಲ್ಲಿ ತರಬೇತಿ ಪಡೆದು ರಂಗಭೂಮಿ, ಸಿನಿಮಾಗಳಿಗೆ ಬಂದರು. 'ಪರಮಾತ್ಮ' (2011) ಮೊದಲಾದ ಚಿತ್ರಗಳ ನಟ ಪ್ರಶಾಂತ್ ಸಿದ್ದಿ ಇವರಲ್ಲಿ ಪರಿಚಿತರು. 'ಸಲಗ' (2021) ಚಿತ್ರದ ಹಾಡೊಂದಕ್ಕೆ ಸಿದ್ದಿ ಕಲಾವಿದರು ದನಿಯಾದರು.

ಆದರೆ ಜನಪ್ರಿಯ ಸಿನಿಮಾದಲ್ಲಿ ಸಿದ್ದಿ ದೇಹವೂ ಲಯವೂ ಹೆಚ್ಚಾಗಿ ಅಲಂಕಾರವಾಗಿ ಒದಗುತ್ತವೆ. ಕಥೆಯ ಕರ್ತೃತ್ವ ಬೇರೆಯವರಲ್ಲಿಯೇ ಉಳಿಯುತ್ತದೆ. ಕೇರಳ ಮೂಲದ ಜಯನ್ ಚೆರಿಯನ್ ನಿರ್ದೇಶಿಸಿ, 2024ರಲ್ಲಿ ಗೋವೆಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಪ್ರದರ್ಶಿತವಾದ 'ರಿದಮ್ ಆಫ್ ದಮಾಮ್' ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಮುಂದಿಟ್ಟಿತು. ಅಜ್ಜನ ಸಾವಿನಿಂದ ಕಂಗೆಟ್ಟ ಹುಡುಗನೊಬ್ಬನ ಒಳಲೋಕದ ಮೂಲಕ ಗುಲಾಮಗಿರಿಯ ನೆನಪನ್ನು ಹುಡುಕುವ ಈ ಚಿತ್ರದಲ್ಲಿ ಸಿದ್ದಿಗಳೇ ನಟಿಸಿದ್ದಾರೆ, ಅವರ ಕೊಂಕಣಿಯೇ ಮಾತಾಗಿದೆ. ಗುಲಾಮರ ಹಡಗುಗಳು ತಂಗಿದ ಗೋವೆಯಲ್ಲಿಯೇ ಅದು ತೆರೆ ಕಂಡುದನ್ನೂ ಗಮನಿಸಬೇಕು. ಆದರೂ ಬರ್ನೆಟ್, ಡ್ಯಾಶ್‌ರ ಚಿತ್ರಗಳೊಡನೆ ಇಟ್ಟು ನೋಡಿದಾಗ ಒಂದು ಪ್ರಶ್ನೆ ಉಳಿಯುತ್ತದೆ: ಕ್ಯಾಮೆರಾದ ಹಿಂದೆ ನಿಂತವರು ಯಾರು? ಸಮುದಾಯದ ಹೊರಗಿನವರು ಒಳ್ಳೆಯ ಚಿತ್ರ ಮಾಡಲಾರರೆಂದು ಇದರ ಅರ್ಥವಲ್ಲ. ನಟನೆಯವರೆಗೆ ತೆರೆದ ಬಾಗಿಲು ನಿರ್ದೇಶನದವರೆಗೂ ತೆರೆಯಬೇಕಾದರೆ ಶಿಕ್ಷಣ ಸಂಸ್ಥೆಗಳ ಪಾತ್ರವೇನು ಎಂಬುದು ಇಲ್ಲಿನ ವಿಚಾರ.

5

ಬಾಗಲಕೋಟೆ ಜಿಲ್ಲೆಯ ವಿದ್ಯಾರ್ಥಿಗೆ ಈ ಚಿತ್ರಗಳನ್ನು ಪ್ರವೇಶಿಸಲು ತನ್ನದೇ ಆದ ಒಂದು ಪದವಿದೆ, ಅದು 'ಗುಳೆ'. ಮಳೆ ಕೈಕೊಟ್ಟಾಗ ಬಾದಾಮಿ, ಹುನಗುಂದ ಭಾಗದ ಒಣಬೇಸಾಯದ ಹಳ್ಳಿಗಳಿಂದ ಗೋವೆ, ಮಂಗಳೂರು, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಕುಟುಂಬಗಳು ಗುಳೆ ಹೋಗುತ್ತವೆ. ಮುದುಕರು ಊರಲ್ಲಿ ಉಳಿಯುತ್ತಾರೆ. 'ಡಾಟರ್ಸ್ ಆಫ್ ದ ಡಸ್ಟ್' ಚಿತ್ರದ ಮುದುಕಿಯನ್ನು ಈ ಭಾಗದ ವಿದ್ಯಾರ್ಥಿಗಳು ಟಿಪ್ಪಣಿಯ ನೆರವಿಲ್ಲದೆಯೇ ಗುರುತಿಸಬಲ್ಲರು. ಹಾಗೆಯೇ ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳನ್ನು ಬಿಟ್ಟುಕೊಟ್ಟು ನವನಗರ ಸೇರಿದವರಿಗೆ ಓಣಿ, ಗುಡಿ, ನೆರೆಹೊರೆಗಳ ನೆನಪು ನೀರಿನಡಿಯಲ್ಲಿದೆ ಎಂಬ ಮಾತು ರೂಪಕವಾಗಿ ಕೇಳಿಸದು. ಇಳಕಲ್ಲಿನ ಮಗ್ಗದ ಮನೆಗಳನ್ನೂ ಗ್ರಾನೈಟ್ ಗಣಿಗಳನ್ನೂ ಬಲ್ಲವರಿಗೆ ಬರ್ನೆಟ್‌ನ ಕಸಾಯಿಖಾನೆಯ ಕೂಲಿಗಾರನ ದಣಿವು ದೂರದ್ದಾಗುವುದಿಲ್ಲ.

ಆದರೆ ಈ ಸಾಮ್ಯವನ್ನು ಎಳೆದಾಡಬಾರದು. ಗುಳೆ ಹೋದವರಿಗೆ ಹಿಂದಿರುಗಲು ಊರಿದೆ, ಜಾತ್ರೆಗೆ ಬರಲು ನೆಪವಿದೆ, ಮರಳಿ ಕರೆಯುವ ಕುಲದೈವವಿದೆ. ಗುಲಾಮನಿಗೆ ಇವಾವುವೂ ಇರಲಿಲ್ಲ. ಇಂದು ಹುನಗುಂದದ ಕೂಲಿಗಾರ ದುಡಿಮೆಯನ್ನು ಹುಡುಕಿಕೊಂಡು ಯಾವ ಗೋವೆಗೆ ಹೋಗುತ್ತಾನೆಯೋ ಅದೇ ಗೋವೆಯಿಂದ ಸಿದ್ದಿಗಳ ಪೂರ್ವಜರು ಜೀವ ಉಳಿಸಿಕೊಳ್ಳಲು ಈ ಕಡೆಗೆ ಓಡಿಬಂದರು. ಒಂದೇ ಘಟ್ಟವನ್ನು ಎದುರುಬದುರು ದಿಕ್ಕಿನಲ್ಲಿ ದಾಟಿದ ಈ ಎರಡು ಪಯಣಗಳ ಸಾಮ್ಯಕ್ಕಿಂತ ಭೇದವನ್ನು ವಿವರಿಸುವುದು ಅಧ್ಯಾಪಕರ ಹೆಚ್ಚಿನ ಹೊಣೆ. ತನ್ನ ನೋವಿನಲ್ಲಿ ಇನ್ನೊಬ್ಬರ ನೋವನ್ನು ಕರಗಿಸಿಬಿಡುವ ಸಹಾನುಭೂತಿಯೂ ಒಂದು ಬಗೆಯ ಅಳಿಸುವಿಕೆಯೇ.

ಇನ್ನೊಂದು ಸಂಬಂಧ ಭಾಷೆಯದು. ಡ್ಯಾಶ್ ತನ್ನ ಚಿತ್ರದಲ್ಲಿ ದ್ವೀಪವಾಸಿಗಳ ಗಲ್ಲಾ ನುಡಿಯನ್ನೇ ಉಳಿಸಿಕೊಂಡಳು. ಶಿಷ್ಟ ಇಂಗ್ಲಿಷಿನ ಪ್ರೇಕ್ಷಕರು ಕಿವಿಗೊಟ್ಟು ಕೇಳಲೆಂದು ಬಿಟ್ಟಳು. ಉತ್ತರ ಕರ್ನಾಟಕದ ಕನ್ನಡವನ್ನು ಬಹುಕಾಲ ಹಾಸ್ಯಪಾತ್ರಗಳಿಗೆ ಮೀಸಲಿಟ್ಟ ಕನ್ನಡ ಸಿನಿಮಾದ ಹಿನ್ನೆಲೆಯಲ್ಲಿ ಈ ನಿರ್ಧಾರದ ಮಹತ್ವವನ್ನು ಬಾಗಲಕೋಟೆಯ ತರಗತಿ ಬೇಗನೆ ಅರಿಯುತ್ತದೆ. ಅದೇ ತರಗತಿ, ಸಿದ್ದಿಗಳ ಕೊಂಕಣಿಯನ್ನು ಕನ್ನಡವು ಹೇಗೆ ನಡೆಸಿಕೊಂಡಿದೆ ಎಂಬ ಪ್ರಶ್ನೆಯನ್ನೂ ಎದುರಿಸಬೇಕಾಗುತ್ತದೆ.

6

ಇಂತಹ ಉತ್ಸವಕ್ಕೆ ಪ್ರೇಕ್ಷಕರಿಲ್ಲವೆಂಬ ಆಕ್ಷೇಪಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು, ಬಾದಾಮಿಯ ಬನಶಂಕರಿ ಜಾತ್ರೆ. ವೃತ್ತಿನಾಟಕ ಕಂಪನಿಗಳು ಬೀಡುಬಿಟ್ಟು ರಾತ್ರಿಯೆಲ್ಲ ಆಡುವ ನಾಟಕಗಳಿಗೆ ಸುತ್ತಲಿನ ಹಳ್ಳಿಗಳ ಜನ ತುಂಬುವ ಈ ನೆಲದಲ್ಲಿ ಸಾಮೂಹಿಕವಾಗಿ ನೋಡುವ ಅಭ್ಯಾಸಕ್ಕೆ ಕೊರತೆಯಿಲ್ಲ. ಎರಡನೆಯದು, 1973ರಲ್ಲಿ ಆರಂಭವಾದ ನೀನಾಸಮ್ ಚಿತ್ರಸಮಾಜದ ಅನುಭವ. ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಂತಹ ಹಳ್ಳಿಯಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿದರು. ಪುಣೆಯಿಂದ ಬಂದ ಸತೀಶ್ ಬಹಾದೂರ್ ಅಲ್ಲಿ ರಸಗ್ರಹಣ ಶಿಬಿರಗಳನ್ನು ನಡೆಸಿಕೊಟ್ಟರು. ಚಿತ್ರಕ್ಕೆ ಮುಂಚೆ ಕನ್ನಡದಲ್ಲಿ ಸರಳ ಪ್ರವೇಶಿಕೆ, ಅನಂತರ ಚರ್ಚೆ, ಜೊತೆಗೆ ಕನ್ನಡ ಅಡಿಬರಹಗಳು ಇದ್ದರೆ ಭಾಷೆಯ ತೊಡಕು ದಾಟಲಾರದ್ದೇನಲ್ಲ. ಅಡಿಬರಹಗಳ ಅನುವಾದವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕಿರುಯೋಜನೆಯಾಗಿ ನೀಡಬಹುದು. ಗಲ್ಲಾ ನುಡಿಗೆ ಯಾವ ಕನ್ನಡ ಒಪ್ಪುತ್ತದೆ ಎಂಬ ಒಂದು ಪ್ರಶ್ನೆಯೇ ಅನುವಾದ ಅಧ್ಯಯನದ ಪತ್ರಿಕೆಯೊಂದಕ್ಕೆ ಸಾಕಾಗುವಷ್ಟಿದೆ.

ಈ ಎಲ್ಲ ಚರ್ಚೆಯಿಂದ ಒಂದು ತೀರ್ಮಾನಕ್ಕೆ ಬರಬಹುದು. ಆಫ್ರಿಕನ್ ಡಯಾಸ್ಪೊರಾದ ಚಿತ್ರೋತ್ಸವವನ್ನು ಕನ್ನಡ ನೆಲದಲ್ಲಿ ನಡೆಸುವಾಗ ಸಿದ್ದಿಗಳು ಉದ್ಘಾಟನೆಯ ದಿನ ಡಮಾಮ್ ಬಾರಿಸಿ ಹೋಗುವ ಕಲಾತಂಡವಾಗಿ ಬಂದರೆ ಆ ಉತ್ಸವ ತಾನು ತೋರಿಸುವ ಚಿತ್ರಗಳ ಆಶಯಕ್ಕೇ ವಿರುದ್ಧವಾಗುತ್ತದೆ. ಅವರು ಆಯ್ಕೆ ಸಮಿತಿಯಲ್ಲಿ, ಸಂವಾದದ ವೇದಿಕೆಯಲ್ಲಿ, ಚಿತ್ರ ತಯಾರಿಕೆಯ ಕಮ್ಮಟದಲ್ಲಿ ಇರಬೇಕು. ಕ್ಯಾಲಿಫೋರ್ನಿಯಾದ ಚಳವಳಿ ಹುಟ್ಟಿದ್ದು ಒಂದು ವಿಭಾಗ ತನ್ನ ಪ್ರವೇಶಪಟ್ಟಿಯನ್ನು ಬದಲಿಸಿಕೊಂಡುದರಿಂದ. ಹತ್ತು ಸಾವಿರ ಡಾಲರಿಗಿಂತ ಕಡಿಮೆ ಖರ್ಚಿನ ವಿದ್ಯಾರ್ಥಿ ಚಿತ್ರವೊಂದು 1990ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು. ಯಲ್ಲಾಪುರದ ಸಿದ್ದಿ ವಿದ್ಯಾರ್ಥಿನಿಯೂ ಬಾದಾಮಿಯ ಗುಳೆ ಕುಟುಂಬದ ವಿದ್ಯಾರ್ಥಿಯೂ ಒಂದೇ ಕಮ್ಮಟದಲ್ಲಿ ಕುಳಿತು ತಮ್ಮ ತಮ್ಮ ಮನೆಯವರ ಮಾತನ್ನು ದಾಖಲಿಸುವ ಅವಕಾಶವನ್ನು ಕನ್ನಡ ವಿಭಾಗಗಳು ಒದಗಿಸಿದಲ್ಲಿ ಡಯಾಸ್ಪೊರಾ ಎಂಬ ಪದಕ್ಕೆ ಕನ್ನಡದಲ್ಲಿ ಈವರೆಗೆ ಇಲ್ಲದ ಅರ್ಥವೊಂದು ಸೇರೀತು.