ಬಿಡುವಿಲ್ಲದ ರಸಿಕ: ಚಾರ್ಲ್ಸ್ ಲ್ಯಾಂಬ್

ನಾಟಕ, ಊಟ, ಪುಸ್ತಕ, ಆಟ ಇವುಗಳಲ್ಲಿ ಮನಸ್ಸಿಟ್ಟು ನಿಶ್ಚಿಂತೆಯಿಂದ ಕಾಲ ಕಳೆಯುವ ಆಂಗ್ಲ ರಸಿಕನ ಚಿತ್ರ ಇಂಗ್ಲಿಷ್ ಪ್ರಬಂಧಗಳನ್ನು ಓದಿದವರಿಗೆ ಪರಿಚಿತವಾದುದು. ಆ ಚಿತ್ರವನ್ನು ಅತ್ಯಂತ ಮನೋಹರವಾಗಿ ಬಿಡಿಸಿದವನು ಚಾರ್ಲ್ಸ್ ಲ್ಯಾಂಬ್. ‘ಈಲಿಯ’ ಎಂಬ ಗುಪ್ತನಾಮದಿಂದ 1820ರಲ್ಲಿ ‘ಲಂಡನ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅವನು ಬರೆಯತೊಡಗಿದ ಪ್ರಬಂಧಗಳನ್ನು ಓದಿದಾಗ, ಇವನಾರೋ ಪಿತ್ರಾರ್ಜಿತ ಆಸ್ತಿಯನ್ನು ಅನುಭವಿಸುತ್ತ ಕುಳಿತ ಧನಿಕನಿರಬೇಕೆಂದು ತೋರಿದರೆ ಆಶ್ಚರ್ಯವಿಲ್ಲ. ವಸ್ತುಸ್ಥಿತಿ ಬೇರೆ. ಲ್ಯಾಂಬ್ ಒಬ್ಬ ಗುಮಾಸ್ತ. ಅವನ ಪಾಲಿಗೆ ದೊರೆತ ಬಿಡುವು ಎಷ್ಟು, ಯಾವ ಪರಿಸ್ಥಿತಿಯದು ಎಂಬುದನ್ನು ಅರಿಯದೆ ಅವನ ರಸಿಕತೆಯ ಸ್ವರೂಪ ತಿಳಿಯಲಾರದು.

ಲ್ಯಾಂಬ್ 1775ರಲ್ಲಿ ಲಂಡನ್ನಿನಲ್ಲಿ ಜನಿಸಿದನು. ತಂದೆ ನ್ಯಾಯವಾದಿಯೊಬ್ಬನಿಗೆ ಗುಮಾಸ್ತನೂ ಹೌದು, ಸೇವಕನೂ ಹೌದು. ಆ ಯಜಮಾನನ ಪುಸ್ತಕ ಭಂಡಾರದಲ್ಲಿಯೇ ಚಾರ್ಲ್ಸನಿಗೂ ಅಕ್ಕ ಮೇರಿಗೂ ಓದಿನ ರುಚಿ ಹತ್ತಿತು. ಶಾಲೆಯಲ್ಲಿ ಕವಿ ಕೋಲ್‌ರಿಜ್ ಅವನ ಸಹಪಾಠಿ. ಆದರೆ ಲ್ಯಾಂಬನ ಮಾತಿನಲ್ಲಿ ಉಗ್ಗು ಇದ್ದುದರಿಂದ ವಿಶ್ವವಿದ್ಯಾಲಯದ ಬಾಗಿಲು ಅವನಿಗೆ ತೆರೆಯಲಿಲ್ಲ. 1792ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಲಂಡನ್ ಕಚೇರಿಯ ಲೆಕ್ಕಪತ್ರ ವಿಭಾಗವನ್ನು ಸೇರಿದವನು ಅಲ್ಲಿಯೇ 33 ವರ್ಷ ದುಡಿದನು. ಶ್ರೀರಂಗಪಟ್ಟಣದ ಪತನದ ನಂತರ, 1799ರಲ್ಲಿ, ನಮ್ಮ ಕಾಸರಗೋಡು ಸೀಮೆಯನ್ನೊಳಗೊಂಡ ಕನ್ನಡ ಜಿಲ್ಲೆ ಕಂಪೆನಿಯ ಕೈಸೇರಿದಾಗ ಲ್ಯಾಂಬ್ ಅದರ ಮೇಜಿನ ಮುಂದೆ ಕುಳಿತು ಅಂಕಿಗಳನ್ನು ಕೂಡುತ್ತಿದ್ದನೆಂಬುದು ನಮಗೆ ಕುತೂಹಲದ ಸಂಗತಿ. ತನ್ನ ನಿಜವಾದ ಕೃತಿಗಳು ಆ ಕಚೇರಿಯ ಕಪಾಟುಗಳಲ್ಲಿರುವ ಲೆಕ್ಕದ ಪುಸ್ತಕಗಳೇ ಎಂದು ಅವನು ವಿನೋದವಾಗಿ ಹೇಳಿಕೊಳ್ಳುತ್ತಿದ್ದನು.

ನೌಕರಿಯ ಬಂಧನಕ್ಕಿಂತ ಕಠಿನವಾದ ಇನ್ನೊಂದು ಬಂಧನವಿತ್ತು. 1796ರ ಸೆಪ್ಟೆಂಬರಿನಲ್ಲಿ ಮೇರಿ ಬುದ್ಧಿಭ್ರಮಣೆಯ ಆವೇಗದಲ್ಲಿ ಹೆತ್ತ ತಾಯಿಯನ್ನೇ ಇರಿದು ಕೊಂದಳು. ಆಗ ಚಾರ್ಲ್ಸನಿಗೆ 21 ವರ್ಷ. ಅಕ್ಕನನ್ನು ಜೀವಮಾನವಿಡೀ ಹುಚ್ಚಾಸ್ಪತ್ರೆಯಲ್ಲಿ ಕಳೆಯಲು ಬಿಡದೆ, ಆಕೆಯ ಹೊಣೆಯನ್ನು ತಾನೇ ಹೊತ್ತನು, ಮದುವೆಯಾಗಲಿಲ್ಲ. ವ್ಯಾಧಿ ಮೇಲಿಂದ ಮೇಲೆ ಮರುಕಳಿಸುತ್ತಿತ್ತು. ಆಗೆಲ್ಲ ಅಕ್ಕತಮ್ಮಂದಿರು ಕಣ್ಣೀರಿಡುತ್ತ ಕೂಡಿಯೇ ಆಸ್ಪತ್ರೆಗೆ ನಡೆದುಹೋಗುತ್ತಿದ್ದರು. ನಮ್ಮಲ್ಲಿ ಹಲವು ತಲೆಮಾರುಗಳ ವಿದ್ಯಾರ್ಥಿಗಳು ಓದಿದ ‘ಷೇಕ್ಸ್‌ಪಿಯರ್ ಕಥೆಗಳು’ (1807) ಈ ಇಬ್ಬರ ಕೃತಿ. ಇಪ್ಪತ್ತು ಕಥೆಗಳಲ್ಲಿ ಹದಿನಾಲ್ಕು ಮೇರಿಯವು. ಆದರೂ ಮೊದಲ ಮುದ್ರಣದ ಮುಖಪುಟದಲ್ಲಿ ಆಕೆಯ ಹೆಸರಿರಲಿಲ್ಲ.

ಇಂತಹವನ ಸುಖಗಳು ಅಗ್ಗದ ಸುಖಗಳಾಗಿರಲೇಬೇಕಷ್ಟೆ. ‘ಹಳೆಯ ಪಿಂಗಾಣಿ’ ಎಂಬ 1823ರ ಪ್ರಬಂಧವನ್ನು ಇಲ್ಲಿ ಮುಖ್ಯವಾಗಿ ಪರಿಶೀಲಿಸಬೇಕು. ಅದರಲ್ಲಿ ಬ್ರಿಜೆಟ್ ಎಂಬ ಹೆಸರಿನಿಂದ ಬರುವವಳು ಮೇರಿಯೇ. ಬೊಮಾಂಟ್ ಮತ್ತು ಫ್ಲೆಚರರ ನಾಟಕಗಳ ದೊಡ್ಡದೊಂದು ಹಳೆಯ ಸಂಪುಟವನ್ನು ವಾರಗಟ್ಟಲೆ ಅಂಗಡಿಯಲ್ಲಿ ನೋಡಿ ನೋಡಿ, ಕೊನೆಗೆ ಒಂದು ಶನಿವಾರ ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಓಡಿಹೋಗಿ, ಮುಚ್ಚುತ್ತಿದ್ದ ಅಂಗಡಿಯವನನ್ನು ಎಬ್ಬಿಸಿ, ಹದಿನೈದೋ ಹದಿನಾರೋ ಷಿಲಿಂಗು ತೆತ್ತು ತಂದ ಕಥೆಯನ್ನು ಆಕೆ ನೆನಪಿಸುತ್ತಾಳೆ. ಆ ಹಣಕ್ಕಾಗಿ ಅವನು ಹರಿದ ಕಂದು ಉಡುಪನ್ನೇ ಇನ್ನೂ ಕೆಲವು ವಾರ ಧರಿಸಬೇಕಾಯಿತು. ಬಿಡಿಹಾಳೆಗಳನ್ನು ಬೆಳಗಾಗುವವರೆಗೆ ಬಿಡಲಾರದೆ ಅವಳು ಆ ರಾತ್ರಿಯೇ ಅಂಟಿಸಿದಳು. ಈಗ ಹಣವಿದೆ, ಬೇಕೆನಿಸಿದ ಪುಸ್ತಕ ಕೊಳ್ಳಬಹುದು, ಆದರೆ ಆ ಹರ್ಷವಿಲ್ಲವೆಂಬುದು ಆಕೆಯ ವಾದ. ಈಲಿಯನ ಉತ್ತರವನ್ನು ಓದುಗರು ಸಾಮಾನ್ಯವಾಗಿ ಮರೆತುಬಿಡುತ್ತಾರೆ: ಅಂದು ನಮಗಿದ್ದುದು ಬಡತನ ಮಾತ್ರವಲ್ಲ, ಯೌವನವೂ ಕೂಡ ಎಂದು ಅವನು ಮೆಲ್ಲನೆ ತಿದ್ದುತ್ತಾನೆ. ಬಡತನವನ್ನು ಹೊಗಳುವ ಬರಹವಿದಲ್ಲ.

ರಂಗಭೂಮಿಯ ಮೇಲಿನ ಪ್ರೀತಿಯೂ ಅಂತಹುದೇ. ಒಂದು ಷಿಲಿಂಗಿನ ಗ್ಯಾಲರಿಯಲ್ಲಿ ನೂಕುನುಗ್ಗಲಿನ ನಡುವೆ ಕುಳಿತು ಅಕ್ಕತಮ್ಮಂದಿರು ನಾಟಕ ನೋಡಿದವರು. 1806ರ ಡಿಸೆಂಬರಿನಲ್ಲಿ ಲ್ಯಾಂಬನ ಸ್ವಂತ ಪ್ರಹಸನವೇ ಡ್ರೂರಿ ಲೇನ್ ರಂಗಮಂದಿರವನ್ನೇರಿತು. ತನ್ನ ಹೆಸರನ್ನು ಮುಚ್ಚಿಡುವ ನಾಯಕನೊಬ್ಬನ ಕಥೆಯದು. ‘ಹಂದಿಮಾಂಸ’ ಎಂಬರ್ಥದ ಆ ಹೆಸರು ಬಯಲಾದಾಗ ಪ್ರೇಕ್ಷಕರು ಮುನಿದು ಬುಸುಗುಟ್ಟಿ ಧಿಕ್ಕರಿಸಿದರು. ಲ್ಯಾಂಬನೂ ಅವರೊಡನೆ ದನಿಗೂಡಿಸಿದನಂತೆ! ಇಷ್ಟೊಂದು ನಾಟಕಪ್ರಿಯನಾದವನೇ 1811ರ ಒಂದು ಲೇಖನದಲ್ಲಿ ‘ಕಿಂಗ್ ಲಿಯರ್’ ಅಭಿನಯಕ್ಕೆ ನಿಲುಕದ ಕೃತಿಯೆಂದು ವಾದಿಸಿದನು. ಈ ವಾದವನ್ನು ಒಪ್ಪುವುದು ನನಗೆ ಕಷ್ಟ.

ಊಟದ ವಿಷಯಕ್ಕೆ ಬಂದರೆ, 1822ರ ‘ಸುಟ್ಟ ಹಂದಿಮರಿಯ ಕುರಿತು ಪ್ರೌಢಪ್ರಬಂಧ’ ಪ್ರಸಿದ್ಧವಾದುದು. ಚೀನದ ಹುಡುಗನೊಬ್ಬನು ಆಕಸ್ಮಿಕವಾಗಿ ಮನೆಗೆ ಬೆಂಕಿ ಹಚ್ಚಿ, ಬೆಂದ ಮರಿಯನ್ನು ಮುಟ್ಟಿ ಸುಟ್ಟ ಬೆರಳನ್ನು ಬಾಯಿಗಿಟ್ಟುಕೊಂಡು ರುಚಿ ಕಂಡ ಕಥೆ. ಆ ಮೇಲೆ ರುಚಿಗೋಸ್ಕರ ಮನೆಗಳನ್ನೇ ಸುಡುವ ರೂಢಿ ಹುಟ್ಟುತ್ತದೆ. ಸಸ್ಯಾಹಾರಿಗಳಾದ ಓದುಗರೂ ಇದನ್ನು ಸವಿಯಬಲ್ಲರು. ಪ್ರಾಚೀನ ಹಸ್ತಪ್ರತಿಯನ್ನು ಪರಿಶೋಧಿಸುವ ಪಂಡಿತನ ಗಾಂಭೀರ್ಯವನ್ನು ನಾಲಗೆಯ ಚಪಲಕ್ಕೆ ಒದಗಿಸಿರುವುದೇ ಅದರ ಹಾಸ್ಯದ ಮೂಲ. ನಮ್ಮ ಲಲಿತ ಪ್ರಬಂಧಕಾರರು ಈ ಉಪಾಯವನ್ನು ಚೆನ್ನಾಗಿ ಬಲ್ಲರು.

ಆಟಗಳಲ್ಲಿ ಲ್ಯಾಂಬನಿಗೆ ಪ್ರಿಯವಾದುದು ವಿಸ್ಟ್ ಎಂಬ ಇಸ್ಪೀಟಿನಾಟ. ಆಟವನ್ನು ಆಟವೆಂದು ಲಘುವಾಗಿ ಕಾಣುವವರನ್ನು ಸಹಿಸದ ಬ್ಯಾಟಲ್ ಎಂಬ ವೃದ್ಧೆಯನ್ನು ಅವನು ಸೃಷ್ಟಿಸಿದ್ದಾನೆ. ವಾರಕ್ಕೊಂದು ಸಂಜೆ ಅವನ ಮನೆಯಲ್ಲಿ ಗೆಳೆಯರ ಕೂಟ ಸೇರುತ್ತಿತ್ತು. ವಿಸ್ಟ್, ತಣ್ಣನೆಯ ಮಾಂಸದಡಿಗೆ, ಮಾತು. ಮೈಬಗ್ಗಿಸಿ ಆಡುವ ಆಟದ ರಸವನ್ನು ಬರೆದವನು ಆ ಕೂಟದ ಹ್ಯಾಜ್ಲಿಟ್. 1822ರಲ್ಲಿ ಅವನು ಪ್ರಕಟಿಸಿದ ‘ಕಾಳಗ’ವು ಮುಷ್ಟಿಯುದ್ಧವೊಂದರ ವರ್ಣನೆ. ಇನ್ನೊಂದು ಪ್ರಬಂಧದಲ್ಲಿ ಲಂಡನ್ನಿಗೆ ಬಂದ ಭಾರತೀಯ ಚೆಂಡಾಟಗಾರನು ನಾಲ್ಕು ಹಿತ್ತಾಳೆಯ ಚೆಂಡುಗಳನ್ನು ಏಕಕಾಲದಲ್ಲಿ ಗಾಳಿಯಲ್ಲಿ ಆಡಿಸುವುದನ್ನು ಕಂಡು, ತನ್ನ ಬರವಣಿಗೆಯಲ್ಲಿ ಅಂತಹ ಪರಿಪೂರ್ಣತೆ ಎಲ್ಲಿದೆಯೆಂದು ಹ್ಯಾಜ್ಲಿಟ್ ತನ್ನನ್ನೇ ಕೇಳಿಕೊಳ್ಳುತ್ತಾನೆ.

1825ರ ಮಾರ್ಚ್‌ನಲ್ಲಿ ವರ್ಷಕ್ಕೆ 441 ಪೌಂಡುಗಳ ವಿಶ್ರಾಂತಿವೇತನದೊಡನೆ ಲ್ಯಾಂಬನಿಗೆ ಬಿಡುಗಡೆ ದೊರೆಯಿತು. ಎಲ್ಲ ಕಾಲವೂ ತನ್ನದಾಯಿತು. ಅದನ್ನೇನು ಮಾಡುವುದೆಂದು ತೋಚಲಿಲ್ಲ. ಯಾವ ದಿನ ಯಾವ ವಾರವೆಂಬ ಭೇದವೇ ಅಳಿಸಿಹೋಯಿತೆಂದು ಅದೇ ವರ್ಷದ ‘ನಿವೃತ್ತ ಮನುಷ್ಯ’ ಪ್ರಬಂಧದಲ್ಲಿ ಬರೆದಿದ್ದಾನೆ. ಒಮ್ಮೆ ಹಳೆಯ ಕಚೇರಿಗೆ ಹೋದರೆ, ತನ್ನ ಮೇಜೂ ಟೋಪಿ ತೂಗುಹಾಕುತ್ತಿದ್ದ ಗೂಟವೂ ಬೇರೆಯವರ ಪಾಲಾಗಿದ್ದವು. ಮೇರಿಯ ವ್ಯಾಧಿಯ ಅವಧಿಗಳು ಬರಬರುತ್ತ ದೀರ್ಘವಾದವು. 1827ರಲ್ಲಿ ರಂಗಮಂದಿರಗಳಿಂದಲೂ ಪುಸ್ತಕದಂಗಡಿಗಳಿಂದಲೂ ದೂರವಾದ ಎನ್‌ಫೀಲ್ಡಿಗೆ ವಾಸ ಬದಲಾಯಿಸಿದರು. 1833ರಲ್ಲಿ, ಅಕ್ಕನನ್ನು ನೋಡಿಕೊಳ್ಳುವವರ ಎಡ್ಮಂಟನ್ನಿನ ಮನೆಯಲ್ಲಿಯೇ, ಆಕೆಯಿಂದ ಅಗಲಬಾರದೆಂದು ಲ್ಯಾಂಬನೂ ಹೋಗಿ ನೆಲೆಸಿದನು. ಮರುವರ್ಷದ ಡಿಸೆಂಬರ್ 27ರಂದು ಅಲ್ಲಿಯೇ ತೀರಿಕೊಂಡನು. ಮೇರಿ 1847ರವರೆಗೆ ಬದುಕಿದ್ದಳು.